ಚಿಲಕಕ್ಕೆ ಕಟ್ಟಿದ ಕೆಂಪು ದಾರ

ನನ್ನ ತಾಯಿ ಮೊಳಕಾಲ್ಮೂರಿನಲ್ಲಿ ವಾಸವಾಗಿಲ್ಲ ಎಂಬುದಕ್ಕೆ ಪುರಾವೆಯಾಗಿ ಸಲ್ಲಿಕೆಯಾಗಿದ್ದದ್ದು ಒಂದು ಫೋಟೊ. ಅದರಲ್ಲಿ ನಮ್ಮ ಮನೆಯ ಮುಂಬಾಗಿಲು ಮುಚ್ಚಿತ್ತು. ಹಸಿರು ಬಣ್ಣ ಅಲ್ಲಲ್ಲಿ ಎದ್ದುಹೋದ ಎರಡು ಹಲಗೆಗಳು, ಪಕ್ಕದಲ್ಲಿ ನಾವು ಸಂಜೆ ಕೂರುವ ಕಲ್ಲುಕಟ್ಟೆ, ಬಾಗಿಲ ಹೊರಗಿನ ಚಿಲಕಕ್ಕೆ ಸುತ್ತಿ ಕಟ್ಟಿದ ಒಂದು ಗೇಣು ಕೆಂಪು ರೇಷ್ಮೆ ದಾರ. ಫೋಟೊದ ಕೆಳಗೆ ಯಾರೋ ದುಂಡಾದ ಅಕ್ಷರಗಳಲ್ಲಿ ಬರೆದಿದ್ದರು: ‘ಮನೆಗೆ ಬೀಗ. ಮತದಾರರು ಚಳ್ಳಕೆರೆಗೆ ಸ್ಥಳಾಂತರ.’ ಬೀಗವೆಲ್ಲಿದೆ ಎಂದು ನಾನು ಆ ಚಿತ್ರದಲ್ಲಿ ಬಹಳ ಹೊತ್ತು ಹುಡುಕಿದೆ. ಇರಲಿಲ್ಲ.

ಈ ಪ್ರಸಂಗವನ್ನು ಬರೆಯುವ ಮೊದಲು ನನ್ನ ಪಾಲಿನ ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ಮನೆಯ ಮಾತು ತೆಲುಗು. ಕನ್ನಡವನ್ನು ಶಾಲೆಯಲ್ಲಿ ಕಲಿತು, ಈಗ ಚಳ್ಳಕೆರೆಯ ಖಾಸಗಿ ಶಾಲೆಯೊಂದರಲ್ಲಿ ಅದನ್ನೇ ಮಕ್ಕಳಿಗೆ ಕಲಿಸುತ್ತಿದ್ದೇನೆ. ಆದುದರಿಂದಲೋ ಏನೋ, ಒಂದು ಅರ್ಜಿ ತುಂಬುವುದಿದ್ದರೂ ಮೊದಲು ಬೇರೆ ಹಾಳೆಯಲ್ಲಿ ಬರೆದು, ತಿದ್ದಿ, ಆಮೇಲೆ ಶುದ್ಧಪ್ರತಿ ಮಾಡುವವಳು ನಾನು. ಚಳ್ಳಕೆರೆಯಲ್ಲಿ ಬಾಡಿಗೆ ಕೋಣೆ ಹಿಡಿದ ವರ್ಷವೇ ನನ್ನ ಮತವನ್ನು ಅಲ್ಲಿಗೆ ವರ್ಗಾಯಿಸಿಕೊಂಡೆ. ಯಾರು ಎಲ್ಲಿ ಸಾಮಾನ್ಯವಾಗಿ ವಾಸಿಸುತ್ತಾರೋ ಅಲ್ಲಿಯೇ ಅವರ ಹೆಸರಿರಬೇಕು ಎಂಬುದು ನಿಯಮ. ನಮ್ಮ ಬೀದಿಯಲ್ಲಿ ಹಾಗೆ ಮಾಡಿದವರು ಯಾರೂ ಇರಲಿಲ್ಲ. ಹೊರಗೆ ದುಡಿಯುವವರೆಲ್ಲ ಚುನಾವಣೆಗೆ ಬಸ್ಸು ಹತ್ತಿ ಊರಿಗೆ ಬರುವವರೇ. ‘ಓದಿದೋಳು, ಓಟನ್ನೂ ಸೂಟ್‌ಕೇಸ್‌ನಾಗೆ ಇಟ್ಕೊಂಡು ಹೋಗ್ಯಾಳೆ’ ಎಂದು ನಗಾಡಿದರು. ನಾನು ಮಾಡಿದ್ದು ಸರಿಯಾಗಿಯೇ ಇತ್ತು. ಆದರೆ ಆ ಸರಿಯಾದ ಅರ್ಜಿಯೇ ಮುಂದೆ ನನ್ನ ತಾಯಿಯ ವಿರುದ್ಧ ಎದ್ದು ನಿಂತಿತು.

ನನಗೆ ಕಾಮಾಲೆಯಾದಾಗ ಅಮ್ಮ ಬಟ್ಟೆಗಂಟು ಹಿಡಿದು ಚಳ್ಳಕೆರೆಗೆ ಬಂದಿದ್ದಳು. ಮೂರು ವಾರ ಇದ್ದು, ನನಗೆ ಅನ್ನ ಸೇರುವಂತಾದ ಮೇಲೆ ತಳಕು, ಬಿ.ಜಿ. ಕೆರೆಯ ಮೇಲಿನ ಬಸ್ಸು ಹಿಡಿದು ಮಗ್ಗಕ್ಕೆ ಮರಳಿದ್ದಳು. ಅವಳು ಗಂಟು ಹಿಡಿದು ಹೋಗಿದ್ದನ್ನು ನೋಡಿದವರಿದ್ದರು. ಮರಳಿ ಬಂದದ್ದನ್ನೂ ಅವರೇ ನೋಡಿದ್ದರು. ಆಕ್ಷೇಪಣೆಯ ಅರ್ಜಿಯಲ್ಲಿ ಬರೆದದ್ದು ಮಾತ್ರ ಮೊದಲಿನದನ್ನು, ಮಗಳ ಮತವೂ ಅಲ್ಲಿಗೇ ಹೋಗಿದೆ ಎಂಬ ಸಾಲನ್ನು ಸೇರಿಸಿ.

ಆಕ್ಷೇಪಣೆ ಸಲ್ಲಿಸಿದವರು ನಮ್ಮ ಬೀದಿಯವರೇ. ಅವರ ತಂದೆಯೂ ನೇಕಾರರು. ಇವರು ಮಗ್ಗ ಬಿಟ್ಟು, ಚುನಾವಣೆ ಬಂದಾಗಲೆಲ್ಲ ಒಬ್ಬ ಅಭ್ಯರ್ಥಿಯ ಪರವಾಗಿ ಬೀದಿಯ ಮತಗಳ ಲೆಕ್ಕ ಹಿಡಿಯುವ ಕೆಲಸಕ್ಕೆ ನಿಂತಿದ್ದರು. ಅಮ್ಮನನ್ನು ‘ವದಿನಾ’ ಎಂದು ಕರೆಯುತ್ತಿದ್ದರು. ತೆಲುಗಿನಲ್ಲಿ ಅತ್ತಿಗೆ ಎಂದರ್ಥ. ಹಿಂದಿನ ಚುನಾವಣೆಯಲ್ಲಿ ಅವರು ಮನೆಮನೆಗೆ ಅರಿಸಿನ, ಕುಂಕುಮ, ಎಲೆಯಡಿಕೆಯಿಟ್ಟ ತಟ್ಟೆ ಹಿಡಿದು ಹೋಗಿ, ಹೆಂಗಸರ ಕೈಯನ್ನು ಅದರ ಮೇಲಿಡಿಸಿ ಮಾತು ತೆಗೆದುಕೊಂಡಿದ್ದರು. ಅಮ್ಮ ಕುಂಕುಮವನ್ನಷ್ಟೇ ಹಚ್ಚಿಕೊಂಡು ತಟ್ಟೆಯನ್ನು ಹಿಂದಕ್ಕೆ ಸರಿಸಿದ್ದಳು. ‘ಕುಂಕುಮ ದೇವರದು, ತಗೊಂಡೆ. ಮಾತು ನಂದು, ಅದನ್ನ ಕೊಡಲ್ಲ’ ಎಂದಿದ್ದಳು. ಅವಳ ಹಿಂದೆ ಇನ್ನೂ ನಾಲ್ಕಾರು ಹೆಂಗಸರು ಅದೇ ಮಾತು ಹೇಳಿದರು. ಈ ಸಲ ಪಟ್ಟಿಯ ಪರಿಷ್ಕರಣೆ ಬಂದಾಗ ಸ್ಥಳಾಂತರಗೊಂಡವರೆಂದು ಆಕ್ಷೇಪಣೆಗೆ ಒಳಗಾದ ಹೆಸರುಗಳಲ್ಲಿ ಹೆಚ್ಚಿನವು ಆ ಹೆಂಗಸರವೇ ಆಗಿದ್ದವು. ನನ್ನ ತಂದೆಯ ಹೆಸರಿಗೆ ಯಾರೂ ಆಕ್ಷೇಪಿಸಿರಲಿಲ್ಲ. ಅದೇ ಮನೆ, ಅದೇ ಬಾಗಿಲು. ಗಂಡ ಒಳಗಿದ್ದಾನೆ, ಹೆಂಡತಿ ಇಲ್ಲ.

ವಿಚಾರಣೆಯ ನೋಟಿಸ್ ಬಂದು ಹತ್ತು ದಿನವಾಗಿತ್ತು. ಅಪ್ಪ ಅದನ್ನು ಓಟಿನ ಚೀಟಿಯೆಂದು ತಿಳಿದು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದ. ರಜೆಗೆ ಬಂದ ನಾನು ಹಬ್ಬದ ತಾರೀಖು ನೋಡಲು ಹಾಳೆ ತಿರುವಿದಾಗ ಅದು ಕೆಳಗೆ ಬಿತ್ತು. ವಿಚಾರಣೆ ಮರುದಿನ ಬೆಳಿಗ್ಗೆ ಇತ್ತು.

ನಾನು ಓದಿ ಹೇಳಿದೆ. ಅಮ್ಮ ಮಗ್ಗದ ಗುಂಡಿಯಿಂದ ಕಾಲು ಮೇಲೆತ್ತದೆಯೇ ಕೇಳಿದಳು.

‘ಅಂದ್ರೆ, ನಾನು ಇಲ್ಲಿ ಇಲ್ಲ ಅಂತಾನಾ?’

‘ಹಾಗಂತ ಬರೆದುಕೊಟ್ಟಿದ್ದಾರಮ್ಮ.’

‘ಮತ್ತೆ ಈ ಸೀರೆ ಯಾರು ನೇಯ್ತಾ ಅವ್ರೆ? ದೆವ್ವಾನಾ?’

ಆ ರಾತ್ರಿ ನಾನು ಅವಳಿಗೆ ಕೊಟ್ಟ ಸಲಹೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹಟ ಬೇಡ, ನನ್ನ ವಿಳಾಸದಲ್ಲಿ ಚಳ್ಳಕೆರೆಯಲ್ಲೇ ಹೊಸದಾಗಿ ಅರ್ಜಿ ಹಾಕೋಣ, ಜಗಳವಿಲ್ಲದೆ ಮುಗಿಯುತ್ತದೆ ಎಂದೆ. ಅಮ್ಮ ಲಾಳಿಯನ್ನು ನಿಲ್ಲಿಸಿ ನನ್ನನ್ನು ನೋಡಿದಳು. ‘ನೀನೂ ಅವನ ಕಡೆಯೋಳಾ?’ ಎಂದಳು. ಮತ್ತೆ ಲಾಳಿ ಓಡತೊಡಗಿತು.

ಅವಳಿಗೆ ಅದು ಯಾಕಷ್ಟು ಮುಖ್ಯವೆಂದು ಹೇಳಬೇಕು. ಮನೆ ಅಪ್ಪನ ಹೆಸರಿನಲ್ಲಿದೆ. ಮಗ್ಗ ತಾತನ ಕಾಲದ್ದು. ಬೀದಿಯಲ್ಲಿ ಅವಳು ಯಾರದೋ ಹೆಂಡತಿ, ಯಾರದೋ ವದಿನ, ನನ್ನ ಅಮ್ಮ. ಮತಗಟ್ಟೆಯೊಂದರಲ್ಲಿ ಮಾತ್ರ ಒಬ್ಬ ಸರ್ಕಾರಿ ನೌಕರ ಅವಳ ಪೂರ್ತಿ ಹೆಸರನ್ನು, ಮನೆತನದ ಹೆಸರು ಸೇರಿಸಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತಾನೆ. ಎಲ್ಲ ಪಕ್ಷದ ಏಜೆಂಟರೂ ತಲೆಬಗ್ಗಿಸಿ ಅದನ್ನು ಹುಡುಕಿ ಗುರುತು ಹಾಕುತ್ತಾರೆ. ಅವಳಿಗೆ ಓದಲು ಬಾರದು. ಆದರೆ ಆ ಒಂದು ಕ್ಷಣಕ್ಕಾಗಿ ಅವಳು ಪ್ರತಿ ಚುನಾವಣೆಗೂ ತಾನೇ ನೇಯ್ದ, ಅಂಚಿನಲ್ಲಿ ದೋಷವುಳಿದು ಮಾರಾಟವಾಗದ ಸೀರೆಯನ್ನು ಉಟ್ಟು ಹೋಗುತ್ತಿದ್ದಳು.

ತಾಲ್ಲೂಕು ಕಚೇರಿಯ ಒಂದು ಕೋಣೆಯಲ್ಲಿ ವಿಚಾರಣೆ ನಡೆಯಿತು. ಮೇಜಿನ ಹಿಂದೆ ಅಧಿಕಾರಿ, ಒಂದು ಪಕ್ಕಕ್ಕೆ ಆಕ್ಷೇಪಣೆ ಕೊಟ್ಟವರು, ಇನ್ನೊಂದು ಪಕ್ಕಕ್ಕೆ ನಮ್ಮ ಬೀದಿಯ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಅಧಿಕಾರಿ. ಬಿ.ಎಲ್.ಒ. ಎಂದು ಎಲ್ಲರೂ ಕರೆಯುವ ಆಕೆ ಅಂಗನವಾಡಿಯ ಕಾರ್ಯಕರ್ತೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ನಾನು ರಾತ್ರಿಯೆಲ್ಲ ಕುಳಿತು ಬರೆದ ಹೇಳಿಕೆಯನ್ನು ಎದೆಗವಚಿಕೊಂಡು ನಿಂತಿದ್ದೆ.

‘ನೀವು ಮಗಳ ಜೊತೆ ಚಳ್ಳಕೆರೆಯಲ್ಲಿದ್ದೀರಂತಲ್ಲಮ್ಮ?’ ಎಂದು ಅಧಿಕಾರಿ ಕೇಳಿದರು.

‘ಇದ್ದೆ ಸಾರ್. ಅವಳಿಗೆ ಕಾಮಾಲೆ ಆಗಿತ್ತು. ವಾಸಿ ಆತು, ಬಂದೆ. ನಿಮ್ಮ ಮಗಳಿಗೆ ಜ್ವರ ಬಂದ್ರೆ ಓಟು ಕಟ್ಕೊಂಡು ಹೋಗ್ತೀರಾ?’

ನಾನು ಅವಸರದಿಂದ ಹೇಳಿಕೆಯ ಹಾಳೆ ಬಿಡಿಸಿದೆ. ‘ಮಾನ್ಯರೇ, ತಾತ್ಕಾಲಿಕ ಗೈರುಹಾಜರಿಯ ಕಾರಣದಿಂದ ಸಾಮಾನ್ಯ ನಿವಾಸವು ಕೊನೆಗೊಳ್ಳುವುದಿಲ್ಲವೆಂಬುದನ್ನು ತಮ್ಮ ಗಮನಕ್ಕೆ...’ ಎಂದು ಆರಂಭಿಸಿದೆ.

‘ಅದು ನನಗೂ ಗೊತ್ತಮ್ಮ,’ ಎಂದು ಅವರು ಕೈ ಎತ್ತಿದರು. ‘ಆದರೆ ಇವರು ಎರಡು ಸಲ ಹೋಗಿದ್ದಾರೆ. ಎರಡು ಸಲವೂ ಬಾಗಿಲು ಮುಚ್ಚಿತ್ತು.’

ಬಿ.ಎಲ್.ಒ. ತಲೆ ತಗ್ಗಿಸಿಯೇ ಹೇಳಿದಳು: ‘ಹೌದು ಸಾರ್. ಒಂದಿನ ಹೋದೆ, ಮಾರ್ನೇ ದಿನಾನೂ ಹೋದೆ, ಹೊರಗಿನ ಚಿಲಕಕ್ಕೆ ದಾರ ಕಟ್ಟಿತ್ತು. ಒಳಗಿಂದ ಒಂದು ಸದ್ದೂ ಇರ್ಲಿಲ್ಲ. ಊರಿಗೆ ಹೋಗೋರು ಬೀಗ ಇಲ್ದೆ ದಾರ ಕಟ್ಟಿ ಹೋಗಿದಾರೆ ಅಂದ್ಕೊಂಡೆ, ಬಾಗ್ಲು ಬಡೀಲಿಲ್ಲ. ಪಕ್ಕದಲ್ಲಿ ಈ ಆಕ್ಷೇಪಣೆ ಕೊಟ್ಟೋರೇ ಸಿಕ್ಕಿದ್ರು, ಹೌದು ಚಳ್ಳಕೆರೆಗೆ ಹೋದ್ರು ಅಂದ್ರು.’ ಆಮೇಲೆ ಅಮ್ಮನ ಕಡೆ ತಿರುಗಿ, ‘ನಾನು ತಳಕಿನ ಕಡೆಯೋಳಕ್ಕಾ, ನಮ್ಮಲ್ಲಿ ಮಗ್ಗ ಎಲ್ಲೈತೆ? ನಂಗೆ ಗೊತ್ತಾಗ್ಲಿಲ್ಲ’ ಎಂದಳು.

ಅಧಿಕಾರಿ ಫೋಟೊವನ್ನು ಮೇಜಿನ ಮೇಲೆ ನಮ್ಮತ್ತ ಸರಿಸಿದರು. ಅಮ್ಮ ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ನೋಡಿ, ಆ ಕೋಣೆಯಲ್ಲಿ ಯಾರೂ ನಗಬಾರದಷ್ಟು ಜೋರಾಗಿ ನಕ್ಕಳು.

ನಮ್ಮ ಬೀದಿಯ ಪದ್ಧತಿಯೊಂದನ್ನು ಇಲ್ಲಿ ವಿವರಿಸಬೇಕು. ಒಂದು ಹಾಸಿನಲ್ಲಿ, ಅಂದರೆ ಮಗ್ಗದ ಉದ್ದಕ್ಕೂ ಬಿಗಿದ ಎಳೆಗಳಲ್ಲಿ, ಮೂರು ಸೀರೆ ಆಗುತ್ತವೆ. ಅದು ಮುಗಿದಾಗ ಹಳೆಯ ಹಾಸಿನ ಪ್ರತಿ ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳುಗಳಿಂದ ಹೊಸೆದು ಕೂಡಿಸಬೇಕು. ಸಾವಿರಾರು ಎಳೆಗಳು. ಎರಡು ದಿನ ಹಿಡಿಯುತ್ತದೆ. ಗಾಳಿ ಸೋಕಿದರೆ ಬಿಡಿ ಎಳೆಗಳು ಒಂದರ ಮೇಲೊಂದು ಬಿದ್ದು ಸಾಲು ತಪ್ಪುತ್ತದೆ. ಅದಕ್ಕಾಗಿ ಕಿಟಕಿ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಮಾತಿಲ್ಲದೆ ಕೂರುತ್ತಾರೆ. ಆ ದಿನ ಹೊರಗಿನ ಚಿಲಕಕ್ಕೆ ಒಂದು ತುಂಡು ರೇಷ್ಮೆ ದಾರ ಕಟ್ಟುವುದು ವಾಡಿಕೆ. ದಾರ ಕಂಡರೆ ನೆಂಟರೂ ಕೂಗುವುದಿಲ್ಲ, ಹಾಲಿನವನೂ ಚೊಂಬನ್ನು ಕಟ್ಟೆಯ ಮೇಲಿಟ್ಟು ಹೋಗುತ್ತಾನೆ. ದಾರದ ಅರ್ಥ ಒಂದೇ: ಒಳಗೆ ಜನರಿದ್ದಾರೆ, ಕರೆಯಬೇಡಿ.

‘ಇದನ್ನ ತೆಗ್ದೋರು ಯಾರು?’ ಎಂದಳು ಅಮ್ಮ.

‘ನಾನೇ ವದಿನಾ,’ ಎಂದರು ಆಕ್ಷೇಪಣೆಯವರು.

‘ದಾರ ಕಾಣ್ತಾ ಐತಲ್ಲೋ.’

‘ಏನೋ ಒಂದು ದಾರ.’

‘ಏನೋ ಒಂದು ದಾರಾನಾ? ನಿಮ್ಮಮ್ಮ ಎಳೆ ಹೊಸೆಯಾಕೆ ಕೂತಾಗ ಈ ದಾರ ಕಟ್ಟಾಕೆ ನಿನ್ನ ಕೈ ಎಟುಕ್ತಿರಲಿಲ್ಲ, ನಾನು ಎತ್ತಿ ಹಿಡೀತಿದ್ದೆ. ಮದುವೆಯಾಗಿ ಬಂದ ಹೊಸದ್ರಲ್ಲಿ ಈ ಪದ್ಧತಿ ನಂಗೆ ಹೇಳಿಕೊಟ್ಟೋನೇ ನೀನು. ಈಗ ಸಾಹೇಬ್ರಿಗೂ ಹೇಳಿಕೊಡು, ದಾರ ಅಂದ್ರೇನು ಅಂತ.’

ಅವರು ಕುತ್ತಿಗೆಯ ಟವೆಲನ್ನು ಸರಿಮಾಡಿಕೊಂಡರು. ‘ಅದೆಲ್ಲ ಹಳೇ ಕಾಲದ್ದು ಸಾರ್. ಈಗ ಯಾರೂ ಪಾಲಿಸಲ್ಲ.’

‘ಪಾಲಿಸಲ್ವಾ? ಮತ್ತೆ ಫೋಟೊ ತೆಗೆಯೋನು ಬಾಗಿಲು ಯಾಕೆ ಬಡೀಲಿಲ್ಲ? ಬಡಿದಿದ್ರೆ ನಾನು ಒಳಗಿಂದ ಬೈತಿದ್ದೆ. ನಿಂಗೆ ಗೊತ್ತಿತ್ತು ಕಣೋ.’

ಅಧಿಕಾರಿ ಒಮ್ಮೆ ಆಕ್ಷೇಪಣೆಯವರನ್ನೂ ಒಮ್ಮೆ ಫೋಟೊವನ್ನೂ ನೋಡಿದರು. ನನ್ನ ಶುದ್ಧಪ್ರತಿಯಲ್ಲಿ ದಾರದ ಮಾತೇ ಇರಲಿಲ್ಲ. ಯಾವ ನಮೂನೆಯಲ್ಲೂ ಅದಕ್ಕೊಂದು ಅಂಕಣವಿರಲಿಲ್ಲವಾದ್ದರಿಂದ ನಾನು ಅದನ್ನು ಪುರಾವೆಯೆಂದು ಎಣಿಸಿರಲೇ ಇಲ್ಲ. ಪಡಿತರ ಚೀಟಿ, ಆಧಾರ್, ವಿದ್ಯುತ್ ಬಿಲ್ಲು ಎಲ್ಲವನ್ನೂ ಜೋಡಿಸಿಟ್ಟುಕೊಂಡು ಹೋಗಿದ್ದೆ. ಎದುರಾಳಿಯ ಕಾಗದದಲ್ಲೇ ನಮ್ಮ ಪುರಾವೆ ಇದೆಯೆಂದು ಕಂಡವಳು ಓದು ಬಾರದ ಅಮ್ಮ.

ಅಧಿಕಾರಿ ಕೆಟ್ಟವರಲ್ಲ. ಹೇಗಾದರೂ ಬೇಗ ಇತ್ಯರ್ಥವಾದರೆ ಸಾಕೆಂಬ ಆಯಾಸ ಅವರ ಮುಖದಲ್ಲಿತ್ತು. ‘ನೋಡಮ್ಮ, ಇಷ್ಟೆಲ್ಲ ಯಾಕೆ? ಮಗಳು ಓದಿದವರು. ಚಳ್ಳಕೆರೆಯಲ್ಲಿ ಅರ್ಜಿ ಹಾಕ್ಕೊಡಲಿ. ಎಲ್ಲಿ ಹಾಕಿದರೂ ಓಟು ಓಟೇ’ ಎಂದರು. ಹಿಂದಿನ ರಾತ್ರಿ ನಾನು ಆಡಿದ ಮಾತೇ ಅದು. ಅವರ ಬಾಯಿಂದ ಕೇಳಿದಾಗ ಅದು ಎಷ್ಟು ಹಗುರವಾಗಿ ಅವಳನ್ನು ಮನೆಯಿಂದ ಹೊರಹಾಕುತ್ತದೆ ಎಂದು ನನಗೆ ಅರಿವಾಯಿತು.

‘ಮಗ್ಗ ಇಲ್ಲಿ, ಗಂಡ ಇಲ್ಲಿ, ಓಟು ಅಲ್ಲಿ ಯಾಕೆ ಸಾರ್?’ ಎಂದಳು ಅಮ್ಮ. ‘ನಾನು ಎಲ್ಲೂ ಹೋಗಿಲ್ಲ. ಹೋಗದೇ ಇರೋಳು ಬಂದೆ ಅಂತ ಇನ್ನೊಂದು ಕಡೆ ಯಾಕೆ ಬರ್ಕೊಡ್ಲಿ? ಅದು ಸುಳ್ಳಾಗಲ್ವಾ?’

ನಾನು ಕೈಯಲ್ಲಿದ್ದ ಹೇಳಿಕೆಯನ್ನು ಮಡಿಸಿದೆ. ‘ನಮ್ಮ ತಾಯಿ ಹೇಳಿದ್ದನ್ನು ಅವರ ಮಾತಿನಲ್ಲಿಯೇ ದಾಖಲಿಸಿಕೊಳ್ಳಬೇಕು ಸಾರ್’ ಎಂದೆ.

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ‘ಸ್ಥಳ ತನಿಖೆಗೆ ನಾನೇ ಬರ್ತೀನಿ. ಯಾವತ್ತು ಅಂತ ಹೇಳಲ್ಲ. ಬಂದಾಗ ನೀವು ಇರಬೇಕು.’

ಮನೆಗೆ ಬರುತ್ತಲೇ ನಾನು ಅಮ್ಮನಿಗೆ ಕಟ್ಟುನಿಟ್ಟಾಗಿ ಹೇಳಿದೆ: ಅವರು ಬಂದು ಹೋಗುವವರೆಗೆ ಬಾಗಿಲು ತೆರೆದಿರಲಿ, ಹೊಸ್ತಿಲ ಹತ್ತಿರವೇ ಕೂತಿರು, ಹಾಸು ಮುಗಿದರೂ ಎಳೆ ಹೊಸೆಯುವುದನ್ನು ಮುಂದಕ್ಕೆ ಹಾಕು. ಅವಳು ಮಗ್ಗದ ಗುಂಡಿಗೆ ಇಳಿದಳು. ಎರಡನೆಯ ಭಾನುವಾರ ನಾನು ಊರಿಗೆ ಬಂದಾಗ ಅಪ್ಪ ಚಿಲಕಕ್ಕೆ ದಾರ ಕಟ್ಟುತ್ತಿದ್ದ.

‘ಇವತ್ತೇ ಬಂದರೆ ಏನು ಮಾಡ್ತೀಯಮ್ಮ?’ ಎಂದೆ.

‘ಬರ್ಲಿ. ನಾನು ಮನೇಲಿ ಇರ್ತೀನೋ ಇಲ್ವೋ ಅಂತ ತಾನೆ ನೋಡಾಕೆ ಬರೋದು? ಇರ್ತೀನಿ. ಕೂತ್ಕೋ, ಈ ಕಟ್ಟು ಹಿಡ್ಕೋ.’

ಅಪ್ಪ ಟೀ ಅಂಗಡಿಯ ಕಡೆ ಹೋದ. ನಾನು ಒಳಗಿನಿಂದ ಅಗುಳಿ ಹಾಕಿ ಎಳೆಯ ಕಟ್ಟು ಹಿಡಿದು ಕೂತೆ. ಬೆಳಕಿಂಡಿಯ ಬಿಸಿಲು ಮಗ್ಗದ ಗುಂಡಿಯ ಅಂಚಿಗೆ ಬಂದಿತ್ತು. ಮಧ್ಯಾಹ್ನದ ಹೊತ್ತಿಗೆ ಹೊರಗೆ ಜೀಪು ನಿಂತ ಸದ್ದು, ಬೂಟಿನ ಹೆಜ್ಜೆ, ಆಮೇಲೆ ಬಾಗಿಲ ಮೇಲೆ ಬಡಿತ.

ನಾನು ಏಳಲು ಹೋದೆ. ಅಮ್ಮ ಬೂದಿಯ ಬೆರಳುಗಳನ್ನು ಎಳೆಯಿಂದ ತೆಗೆಯದೆ ಮೊಣಕೈಯನ್ನು ನನ್ನ ತೊಡೆಯ ಮೇಲೆ ಒತ್ತಿದಳು. ಮತ್ತೊಂದು ಬಡಿತ.

‘ಯಾರ್ರೀ ಅದು? ದಾರ ಕಟ್ಟಿರೋದು ಕಾಣಲ್ವಾ?’

ಮಗ್ಗದ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು ಅದು. ಬೀದಿಯ ಕೊನೆಗೂ ಕೇಳಿಸಿರಬೇಕು. ಬಡಿತ ನಿಂತಿತು. ಆಮೇಲೆ ಅಧಿಕಾರಿಯ ಧ್ವನಿ: ‘ತಾಲ್ಲೂಕು ಕಚೇರಿಯಿಂದ. ಒಳಗೆ ಯಾರಮ್ಮ ಇರೋದು?’

ಅಮ್ಮ ತನ್ನ ಹೆಸರನ್ನು ಮನೆತನದ ಹೆಸರಿನ ಸಮೇತ ಕೂಗಿ ಹೇಳಿದಳು.

‘ಬಾಗಿಲು ತೆಗೀರಿ.’

‘ಈ ಕಟ್ಟು ಮುಗೀಲಿ ಸಾರ್, ತೆಗೀತೀನಿ. ಎದ್ರೆ ಸಾಲು ಹೋಗ್ತೈತೆ. ಅಲ್ಲಿ ಕಟ್ಟೆ ಐತೆ, ಕೂತ್ಕಳ್ರಿ.’

ಸರ್ಕಾರಿ ಅಧಿಕಾರಿಯನ್ನು ಬಾಗಿಲ ಹೊರಗೆ ಕಾಯಿಸುವುದು! ಬೇಡುವ ಹಾಗೆ ಅವಳ ಮುಖ ನೋಡಿದೆ. ಅವಳು ನೋಡುತ್ತಿದ್ದದ್ದು ಎಳೆಗಳನ್ನು ಮಾತ್ರ. ಒಂದನ್ನು ಎತ್ತುವುದು, ಇನ್ನೊಂದಕ್ಕೆ ಸೇರಿಸುವುದು, ಹೊಸೆಯುವುದು, ಮಲಗಿಸುವುದು. ಅವಳ ಬೆರಳು ಎಂದಿಗಿಂತ ಬೇಗವೂ ಓಡಲಿಲ್ಲ, ನಿಧಾನವೂ ಆಗಲಿಲ್ಲ. ಕಟ್ಟೆಯ ಮೇಲೆ ಯಾರೋ ಕೂತ ಸದ್ದಾಯಿತು. ಸುಮಾರು ಅರ್ಧ ಗಂಟೆ ಕಳೆದಿರಬೇಕು. ಆ ಹೊತ್ತಿನಲ್ಲಿ ನನ್ನೊಳಗಿನ ಭಯ ಎಲ್ಲೋ ಸಡಿಲಗೊಂಡು ಬೇರೆಯದೇನೋ ಆಯಿತು. ಹೊರಗೆ ಕೂತವರು ಕಾಯುತ್ತಿದ್ದಾರೆ. ಕಾಯಲಿ ಎಂದು ಮೊದಲ ಬಾರಿಗೆ ನನಗೂ ಅನ್ನಿಸಿತು.

ಕಟ್ಟು ಮುಗಿದ ಮೇಲೆ ನಾನೇ ಬಾಗಿಲು ತೆರೆದೆ. ಅಧಿಕಾರಿ ಬೂಟು ಕಳಚಿ ಒಳಗೆ ಬಂದರು. ಹಿಂದೆ ಬಿ.ಎಲ್.ಒ. ಬಂದಳು. ಬೂದಿಗೈಯಾದ್ದರಿಂದ ಅಮ್ಮ ಕೈ ಮುಗಿಯಲಿಲ್ಲ, ತಲೆಯನ್ನಷ್ಟೇ ಆಡಿಸಿದಳು. ಅವರು ಮಗ್ಗದ ಗುಂಡಿಯಲ್ಲಿ ಅವಳ ಕಾಲು ಸವೆಸಿದ ಹಲಗೆಯನ್ನೂ, ಅರ್ಧ ಹೊಸೆದ ಹಾಸನ್ನೂ ಬಗ್ಗಿ ನೋಡಿದರು.

‘ಇನ್ನೂ ಎಷ್ಟಿದೆಯಮ್ಮ?’

‘ನಾಳೆ ಸಂಜೆವರೆಗೂ ಐತೆ. ನಾಳೆ ಬಂದಿದ್ರೂ ಕಾಯ್ಸ್ತಿದ್ದೆ.’

ಬಿ.ಎಲ್.ಒ. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅಧಿಕಾರಿಯೂ ಮುಗುಳ್ನಕ್ಕರು. ನಿಂತಲ್ಲೇ ಮಹಜರು ಬರೆದರು. ನಾನು ತಲೆಕೆಳಗಾದ ಅಕ್ಷರಗಳನ್ನೇ ಓದಿಕೊಂಡೆ: ‘ಚಿಲಕಕ್ಕೆ ದಾರ ಕಟ್ಟಿದ್ದು, ಬಾಗಿಲು ಒಳಗಿನಿಂದ ಹಾಕಿತ್ತು. ಸದರಿಯವರು ಒಳಗೆ ಕೆಲಸದಲ್ಲಿ ನಿರತರಾಗಿದ್ದರು.’ ಅಮ್ಮನ ಹೆಬ್ಬೆರಳಿಗೆ ಶಾಯಿ ಹಚ್ಚುವ ಮೊದಲು ಬೂದಿ ಒರೆಸಬೇಕಾಯಿತು.

ಅವರು ಹೊರಡಲು ತಿರುಗಿದಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಳು. ‘ನಂದೊಂದು ಬರ್ಕೊಂಡ್ರೆ ಆತಾ ಸಾರ್? ಅವನು ಬರೆದುಕೊಟ್ಟ ಬಾಗ್ಲುಗಳು ಇನ್ನೂ ಅವೆ. ಬರ್ರಿ, ತೋರಿಸ್ತೀನಿ.’ ಅರ್ಧ ಬಿಟ್ಟ ಹಾಸಿನ ಮೇಲೆ ಬಟ್ಟೆ ಮುಚ್ಚಿ, ಬಾಗಿಲು ಎಳೆದುಕೊಂಡು ಅವಳು ಬೀದಿಗಿಳಿದಳು. ಅಧಿಕಾರಿಗೂ ಎಳೆ ಬಿಟ್ಟು ಏಳದವಳು ನೆರೆಯವರ ಹೆಸರಿಗಾಗಿ ಎದ್ದಳು. ಮನೆಯಿಂದ ಮನೆಗೆ ಹೋಗಿ ಹೆಂಗಸರನ್ನು ಹೊರಗೆ ಕರೆದು ನಿಲ್ಲಿಸಿದಳು. ಸತ್ಯಕ್ಕೆ ಅಪಚಾರವಾಗದಂತೆ ಇದನ್ನೂ ಬರೆಯಬೇಕು: ಆ ಹೆಸರುಗಳಲ್ಲಿ ಒಂದು ನಿಜಕ್ಕೂ ರಾಯದುರ್ಗಕ್ಕೆ ಮದುವೆಯಾಗಿ ಹೋದವಳದು. ‘ಇದು ಮಾತ್ರ ಅವನು ಸರಿಯಾಗಿ ಬರ್ದವ್ನೆ, ಹೊಡೆದು ಹಾಕ್ರಿ’ ಎಂದು ಅಮ್ಮನೇ ಹೇಳಿದಳು. ಉಳಿದವರೆಲ್ಲ ತಮ್ಮ ತಮ್ಮ ಬಾಗಿಲಲ್ಲೇ ಇದ್ದರು. ಆಕ್ಷೇಪಣೆಯವರು ಟೀ ಅಂಗಡಿಯ ಬೆಂಚಿನಿಂದ ಎಲ್ಲವನ್ನೂ ನೋಡುತ್ತಿದ್ದರು. ಅವರ ಪಕ್ಕದಲ್ಲೇ ಕೂತಿದ್ದ ಅಪ್ಪ ಇನ್ನೊಂದು ಟೀ ಹೇಳಿದನಂತೆ, ಅವರಿಗೂ ಸೇರಿಸಿ.

ಅಂತಿಮ ಪಟ್ಟಿ ಬಂದಾಗ ಅಮ್ಮನ ಹೆಸರು ಅಪ್ಪನ ಹೆಸರಿನ ಕೆಳಗೆ ಮೊದಲಿದ್ದಲ್ಲೇ ಇತ್ತು. ನಾನು ಅದನ್ನು ಮೂರು ಸಲ ಓದಿದೆ, ಒಂದು ಅಕ್ಷರವೂ ತಪ್ಪಿಲ್ಲವೆಂದು ಖಾತ್ರಿಪಡಿಸಿಕೊಂಡೆ.

ಮತದಾನದ ದಿನ ಬೆಳಿಗ್ಗೆ ಚಳ್ಳಕೆರೆಯಲ್ಲಿ ನನ್ನ ಮತ ಹಾಕಿ ಮೊದಲ ಬಸ್ಸಿಗೆ ಹೊರಟೆ. ನನ್ನ ಹೆಸರನ್ನು ಹಿಂದಕ್ಕೆ ತರಲಿಲ್ಲ, ತರುವುದೂ ಇಲ್ಲ. ನಾನು ಇರುವುದು ಅಲ್ಲಿ. ಅವಳು ಇರುವುದು ಇಲ್ಲಿ. ಎರಡಕ್ಕೂ ಒಂದೇ ನಿಯಮ ಸಾಕು, ಅದನ್ನು ಪ್ರಾಮಾಣಿಕವಾಗಿ ಓದುವವರಿದ್ದರೆ. ಅಲ್ಲಿಯ ಮತದಾರಳಲ್ಲವಾದ್ದರಿಂದ ಮೊಳಕಾಲ್ಮೂರಿನ ಆ ಶಾಲೆಯ ಗೇಟಿನಿಂದಾಚೆ, ಸುಣ್ಣದ ಗೆರೆಯ ಹೊರಗೆ ನಿಂತೆ. ಅಂಚು ಕೆಟ್ಟ ಆ ನೇರಳೆ ಸೀರೆಯುಟ್ಟ ಅಮ್ಮ ಸಾಲಿನಲ್ಲಿ ಮುಂದೆ ಸರಿಯುತ್ತ ಕೋಣೆಯೊಳಗೆ ಹೋದಳು. ಒಳಗೆ ಏಜೆಂಟರ ಬೆಂಚಿನಲ್ಲಿ ಅವಳನ್ನು ವದಿನಾ ಎನ್ನುವ ಆಕ್ಷೇಪಣೆಯವರೂ ಕೂತಿದ್ದಾರೆಂದು ಆಗಲೇ ಯಾರೋ ಹೇಳಿದ್ದರು.

ಓದುವ ನೌಕರನ ಧ್ವನಿ ನನ್ನವರೆಗೆ ಬರಲಿಲ್ಲ. ಬಂದದ್ದು ಅಮ್ಮನದು, ಗೇಟು ದಾಟಿ, ರಸ್ತೆಯವರೆಗೂ.

‘ಕೇಳ್ಸಲಿಲ್ಲ ಸಾರ್. ಇನ್ನೊಂದ್ಸಲ ಓದ್ರಿ. ಗಟ್ಟಿಯಾಗಿ.’

ಸಾಲಿನ ಹೆಂಗಸರು ನಕ್ಕರು. ಎರಡನೆಯ ಸಲ ಓದಿದ್ದು ನನಗೂ ಕೇಳಿಸಿತು, ಪೂರ್ತಿ ಹೆಸರು, ಮನೆತನದ ಹೆಸರಿನ ಸಮೇತ.

ಶಾಯಿಯ ಬೆರಳನ್ನು ಸೆರಗಿಗೆ ತಾಗದಂತೆ ದೂರ ಹಿಡಿದುಕೊಂಡು ಅವಳು ಹೊರಗೆ ಬಂದಳು. ‘ಕಿವಿ ಚೆನ್ನಾಗೇ ಇದೆಯಲ್ಲಮ್ಮ ನಿನಗೆ’ ಎಂದೆ.

‘ನಂಗೆ ಮೊದಲ್ನೇ ಸಲಾನೇ ಕೇಳ್ಸಿತ್ತು,’ ಎಂದಳು. ‘ಅವನಿಗೆ ಕೇಳ್ಸಿರಲಿಲ್ಲ. ಪೆನ್ಸಿಲ್ ಹಿಡ್ಕೊಂಡು ಸುಮ್ನೆ ಕೂತಿದ್ದ. ಎರಡನೇ ಸಲ ಓದಿದ ಮೇಲೆ ಗುರುತು ಹಾಕ್ದ.’

ಮನೆಯ ಕಡೆ ಹೆಜ್ಜೆ ಹಾಕಿದಳು. ಹಿಂದಿನ ದಿನ ನಿಲ್ಲಿಸಿದ ಸೀರೆ ಮಗ್ಗದ ಮೇಲೆ ಹಾಗೆಯೇ ಇತ್ತು.